ಆರು ಗಂಟೆಯ ನಂತರದ ತಾರಸಿ

ತಾರಸಿಗೆ ಕಾಂಕ್ರೀಟ್ ಹಾಕಿ ಮುಗಿಸುವುದನ್ನು ನಾನು ಒಂದು ಸಲವೂ ನೋಡಿಲ್ಲ. ನೆನಪು ಮಾತ್ರ ಸ್ಪಷ್ಟವಾಗಿದೆ.

ಆ ನೆನಪಿನಲ್ಲಿ ಕೆಲಸ ಮುಗಿಯುವ ಮೂಲೆ ಯಾವಾಗಲೂ ಪೂರ್ವದ್ದು. ಮಿಕ್ಸರ್ ನಿಲ್ಲುತ್ತದೆ. ನಿಂತ ಕೂಡಲೇ ಹೆದ್ದಾರಿಯ ಲಾರಿಗಳು ಕೇಳಿಸತೊಡಗುತ್ತವೆ. ಬೆಳಗಿನಿಂದ ಅವು ಅಲ್ಲೇ ಓಡುತ್ತಿದ್ದರೂ ಯಾರ ಕಿವಿಗೂ ಬಿದ್ದಿರುವುದಿಲ್ಲ. ಕಾಂಕ್ರೀಟ್ ಹೊತ್ತ ಹೆಂಗಸರು ತಮ್ಮ ಬಾಂಡ್ಲಿಗಳನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಾರೆ. ಗಾರೆಯವನೊಬ್ಬ ಕುಕ್ಕರುಗಾಲಲ್ಲಿ ಕೂತು, ಹಲಗೆಯಿಂದ ಸವರುತ್ತ, ಹಿಂದೆ ಹಿಂದೆ ಸರಿದು ಏಣಿಯ ತನಕ ಬರುತ್ತಾನೆ. ಏಣಿಗೆ ಕಾಲಿಟ್ಟು, ತಾನು ಈಗಷ್ಟೇ ಕೂತಿದ್ದ ಜಾಗವನ್ನೂ ಸವರಿ, ಇಳಿದುಬಿಡುತ್ತಾನೆ. ಮೇಲೆ ಯಾರೂ ಉಳಿಯುವುದಿಲ್ಲ. ಒದ್ದೆಯಾದ ಬೂದುಬಣ್ಣದ ಬಯಲು, ಅದರ ಮೇಲೆ ಒಂದು ಗುರುತೂ ಇಲ್ಲ, ಆಕಾಶ ಅದಕ್ಕೆ ತೀರ ಹತ್ತಿರ ಬಂದು ನಿಂತಿರುತ್ತದೆ.

ಈ ನೆನಪು ಸುಳ್ಳು ಎಂದು ಗೊತ್ತಾಗುವುದು ಅದರೊಳಗೆ ನನ್ನನ್ನು ನಾನು ಹುಡುಕಿದಾಗ. ಗಾರೆಯವನು ಇಳಿಯುವಾಗ ನಾನು ಮೇಲಿದ್ದಿದ್ದರೆ ನನ್ನ ಹೆಜ್ಜೆ ಮೂಡಿರಬೇಕಿತ್ತು. ಕೆಳಗಿದ್ದಿದ್ದರೆ ಮೇಲಿನದೇನೂ ಕಾಣುತ್ತಿರಲಿಲ್ಲ. ಹಾಗಾದರೆ ಎಲ್ಲಿಂದ ನೋಡುತ್ತಿದ್ದೇನೆ? ಯಾರೋ ಹೇಳಿದ ಮಾತುಗಳನ್ನು ನಿದ್ದೆ ತನಗೆ ಬೇಕಾದಂತೆ ಜೋಡಿಸಿಕೊಂಡಿದೆ, ಅಷ್ಟೆ.

ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಸೂಳಗಿರಿ ದಾಟಿ ಸ್ವಲ್ಪ ದೂರದಲ್ಲಿ, ಒಂದು ಕಾರ್ಖಾನೆಯ ಕೆಲಸಗಾರರಿಗಾಗಿ ವಸತಿ ಕಟ್ಟಡಗಳು ಏಳುತ್ತಿದ್ದವು. ಕಟ್ಟುವ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ನಾನು ಸೈಟ್ ಎಂಜಿನಿಯರ್. ನಮ್ಮೂರು ಉದ್ದನಪಲ್ಲಿ ಕಡೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಟೊಮೇಟೊ ಮಂಡಿಯಲ್ಲಿ ತೆಲುಗು. ಸೈಟಿನಲ್ಲಿ ಈ ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತಿದ್ದವು.

ನನ್ನ ಜೊತೆಗೆ, ಅದೇ ವಾರ, ಕೃಷ್ಣಗಿರಿಯ ಒಬ್ಬ ಹುಡುಗನೂ ಎಂಜಿನಿಯರ್ ಆಗಿ ಸೇರಿದ್ದ. ನನ್ನಷ್ಟೇ ಓದು, ನನ್ನಷ್ಟೇ ಸಂಬಳ. ಮ್ಯಾನೇಜರ್ ಮೈಸೂರು ಕಡೆಯವರು, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳ ತಂದೆ. ಅವರು ಅವನನ್ನು 'ಏನಯ್ಯಾ, ಬಾರಯ್ಯಾ' ಎನ್ನುತ್ತಿದ್ದರು. ನನ್ನನ್ನು ಮೊದಲ ದಿನದಿಂದಲೇ 'ಮೇಡಂ' ಎಂದರು, ಬನ್ನಿ ಹೋಗಿ ಎಂದೇ ಮಾತಾಡಿಸಿದರು. ನಾನು ಆ ಮರ್ಯಾದೆಗೆ ಹಿಗ್ಗಿದೆ. ಮನೆಯಲ್ಲಿ ಹೇಳಿಕೊಂಡೆ ಕೂಡ.

ತಾರಸಿಯ ಕಾಂಕ್ರೀಟಿಗೆ ನಮ್ಮ ಕಡೆ ಮೋಲ್ಡ್ ಹಾಕೋದು ಅನ್ನುತ್ತಾರೆ. ಒಮ್ಮೆ ಶುರು ಮಾಡಿದ ಮೇಲೆ ಅದನ್ನು ನಿಲ್ಲಿಸುವ ಹಾಗಿಲ್ಲ. ಮೊದಲು ಸುರಿದದ್ದು ಬಿಗಿಯುವ ಮುಂಚೆ ಹೊಸದು ಬಂದು ಅದರೊಡನೆ ಬೆರೆಯಬೇಕು. ತಡವಾದರೆ ಎರಡರ ನಡುವೆ ಗೆರೆ ಉಳಿಯುತ್ತದೆ, ಮಳೆಗಾಲದಲ್ಲಿ ನೀರು ಆ ಗೆರೆಯನ್ನೇ ಹುಡುಕಿಕೊಂಡು ಬರುತ್ತದೆ. ದೊಡ್ಡ ತಾರಸಿಯಾದರೆ ಬೆಳಿಗ್ಗೆ ಹಿಡಿದ ಕೆಲಸ ಮುಗಿಯುವಾಗ ಕತ್ತಲಾಗಿರುತ್ತಿತ್ತು.

ಮೋಲ್ಡಿಗೆ ಮುಂಚಿನ ಕೆಲಸವೆಲ್ಲ ನನ್ನದು. ಹಲಗೆಗಳ ಮೇಲೆ ಕಂಬಿ ಹೆಣೆದು ಮುಗಿದ ಮೇಲೆ ನಾನೊಬ್ಬಳೇ ಅದರ ಮೇಲೆ ನಡೆಯುತ್ತಿದ್ದೆ. ಬೆಳಗಿನ ಎಳೆಬಿಸಿಲು, ಕಾಲಡಿ ಕಂಬಿಯ ಚೌಕ ಚೌಕಗಳು, ಅವುಗಳ ನೆರಳು ಹಲಗೆಯ ಮೇಲೆ ಇನ್ನೊಂದು ಜಾಲವಾಗಿ ಬಿದ್ದು, ಯಾವುದು ಕಂಬಿ ಯಾವುದು ನೆರಳು ತಿಳಿಯದೆ ಕೆಲವೊಮ್ಮೆ ಗಾಳಿಯಲ್ಲೇ ಹೆಜ್ಜೆ ಇಡುತ್ತಿದ್ದೇನೆ ಅನ್ನಿಸುತ್ತಿತ್ತು. ದೂರದಲ್ಲಿ ಬಂಡೆಗುಡ್ಡಗಳು. ಆ ಕಂಬಿಗಳೆಲ್ಲ ಸಂಜೆಯೊಳಗೆ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಕೊನೆಯದಾಗಿ ಅವನ್ನು ನೋಡಿದವಳು ನಾನು ಎನ್ನುವುದು ನನಗೆ ಹೇಳಿಕೊಳ್ಳಲಾಗದ ಸುಖವಾಗಿತ್ತು.

ಆರು ಗಂಟೆಗೆ ಕಂಪನಿಯ ಜೀಪು ಬರುತ್ತಿತ್ತು. ಹೆಣ್ಣು ಸ್ಟಾಫ್ ಆರರ ಮೇಲೆ ಸೈಟಿನಲ್ಲಿ ಇರಬಾರದು. ಇದನ್ನು ಯಾರೂ ಆದೇಶ ಎಂದು ಹೇಳಿದ್ದಿಲ್ಲ. ಜೀಪು ಬರುತ್ತಿತ್ತು, ಡ್ರೈವರ್ ನನಗಾಗಿ ಮುಂದಿನ ಬಾಗಿಲು ತೆಗೆದು ನಿಲ್ಲುತ್ತಿದ್ದ, ಅಷ್ಟೆ. ಆ ಹೊತ್ತಿಗೆ ಮಿಕ್ಸರ್ ತಿರುಗುತ್ತಲೇ ಇರುತ್ತಿತ್ತು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲಕ್ಕೆ ಹೋಗುತ್ತಲೇ ಇರುತ್ತಿದ್ದವು, ಅವನ್ನು ದಾಟಿಸುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಅವರ ಕೂಸುಗಳು ಕಂಬದಿಂದ ಕಂಬಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿರುತ್ತಿದ್ದವು. ಅವರು ಮುಗಿಯುವ ತನಕ ಇರುತ್ತಿದ್ದರು. ಅವರು ಸ್ಟಾಫ್ ಅಲ್ಲ.

ಆ ಸಾಲಿನ ಮುಂದಾಳು ತಳಿ ಎಂಬ ಊರಿನ ಕಡೆಯ ಒಬ್ಬ ಗಟ್ಟಿ ಹೆಂಗಸು. ನಾನು ಚೀಲ ಹೆಗಲಿಗೆ ಹಾಕಿದ್ದು ಕಂಡರೆ ಸಾಕು, ಬಾಂಡ್ಲಿ ದಾಟಿಸುತ್ತಲೇ ಕೂಗುತ್ತಿದ್ದಳು.

"ಏನ್ ಮೇಡಮ್ಮ, ಹೊಂಟ್ಯಾ?"

"ಹೂಂ ಕಣಕ್ಕ, ಜೀಪ್ ಬಂತಲ್ಲ."

"ಹೋಗವ್ವ ಹೋಗು. ಕತ್ಲಾದ್ರೆ ನಿನ್ನ ನರಿ ಎತ್ಕೊಂಡ್ ಹೋಗ್ಬುಡ್ತದೆ. ನಮ್ಮುನ್ ಕಂಡ್ರೆ ನರಿಗೇ ಬಯ."

ಸಾಲು ಪೂರ್ತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಜೀಪಿನಲ್ಲಿ ಕೂತ ಮೇಲೆ ನಗು ಎಲ್ಲಿ ಇಡಬೇಕೋ ತಿಳಿಯುತ್ತಿರಲಿಲ್ಲ.

ಹೆಂಗಸರು ಈ ಕೆಲಸ ಯಾಕೆ ಬಿಡುತ್ತಾರೆ ಎಂದು ಜನ ಕೇಳುತ್ತಾರೆ. ಕೇಳುವವರ ಬಳಿ ಉತ್ತರಗಳು ಮೊದಲೇ ಇರುತ್ತವೆ, ನಾನು ತಲೆ ಅಲ್ಲಾಡಿಸಿದರೆ ಸಾಕು. ಕಕ್ಕಸು ಇರಲಿಲ್ಲವೇ? ಒಂದಿತ್ತು, ಅದರ ಬೀಗದ ಕೈ ವಾಚ್‌ಮ್ಯಾನ್ ಸೊಂಟದಲ್ಲಿ. ಅವನನ್ನು ಕೇಳುವ ಬದಲು ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ತುಟಿ ಸಿಮೆಂಟು ಹಿಡಿದ ಹಾಗಾಗುತ್ತಿತ್ತು. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೇ? ಒಂದೆರಡು ಮಾತು ಬಿದ್ದಿದ್ದುಂಟು, ನಾನೂ ಮೂರು ಭಾಷೆಯಲ್ಲಿ ಬೈಯಬಲ್ಲವಳು. ಇವೆಲ್ಲ ನಿಜ. ಇವುಗಳಿಂದ ಬೇರೆ ಹುಡುಗಿಯರು ಬಿಟ್ಟಿರಬಹುದು, ಬಿಟ್ಟಿದ್ದಾರೆ. ಆದರೆ ನಾನು ಬಿಟ್ಟದ್ದನ್ನು ಇವುಗಳ ಮೇಲೆ ಹೊರಿಸಿದರೆ ಕಥೆ ಬೇಗ ಮುಗಿಯುತ್ತದೆ, ಬೇಗ ಮುಗಿಯುವ ಕಥೆಯ ಬಗ್ಗೆ ನನಗೆ ಅನುಮಾನ.

ಮೋಲ್ಡ್ ಮುಗಿದ ಮಾರನೆಯ ಬೆಳಿಗ್ಗೆ ಹೆದ್ದಾರಿ ಬದಿಯ ಟೀ ಅಂಗಡಿಯಲ್ಲಿ ಕೃಷ್ಣಗಿರಿಯ ಹುಡುಗ ನನಗೆ ರಾತ್ರಿಯ ವರದಿ ಒಪ್ಪಿಸುತ್ತಿದ್ದ. ನಿದ್ದೆಗೆಟ್ಟು ಕೆಂಪಾದ ಕಣ್ಣು, ಕೂದಲಲ್ಲಿ ಸಿಮೆಂಟಿನ ಹಾಲು ಒಣಗಿ ಬೆಳ್ಳಗೆ.

"ಮಿಕ್ಸರ್ ಆಫ್ ಮಾಡುದ್ ತಕ್ಷಣ ಲಾರಿ ಸೌಂಡ್ ಕೇಳ್ಸುತ್ತೆ ಗೊತ್ತಾ? ಎಲ್ಲಿಂದಾನೋ ಹೊಸ್ದಾಗಿ ಬಂದಂಗೆ."

"ಆಮೇಲೆ?"

"ಆಮೇಲೇನು. ಬಿರಿಯಾನಿ ತಂದಿದ್ರು. ತಿಂದು ಮಲ್ಕಂಡೆ."

"ಮೇಲೆ ಹೆಂಗಿತ್ತು ಹೇಳು."

"ಮೇಲೇನಿರುತ್ತೆ? ಕಾಂಕ್ರೀಟ್ ಇರುತ್ತೆ." ಅವನು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ.

ಎರಡನೆಯ ಕಟ್ಟಡದ ಮೋಲ್ಡಿನ ದಿನ ನಾಲ್ಕು ಗಂಟೆಗೇ ಮಿಕ್ಸರ್ ಕೆಮ್ಮತೊಡಗಿತು. ರಾತ್ರಿ ಕೈಕೊಡಬಹುದು ಎಂದು ನನಗೆ ಅನ್ನಿಸಿತು. ನಿಲ್ಲಿಸಲೇಬೇಕಾಗಿ ಬಂದರೆ ಎಲ್ಲೆಂದರಲ್ಲಿ ನಿಲ್ಲಿಸಬಾರದು. ಎರಡು ತೊಲೆಗಳ ನಡುವೆ, ಭಾರ ಕಡಿಮೆ ಕಾಡುವ ಜಾಗದಲ್ಲಿ ನಿಲ್ಲಿಸಬೇಕು. ಅಂಥ ಒಂದು ಜಾಗ ನೋಡಿ ಕಂಬಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಹುಡುಗನಿಗೆ ತೋರಿಸಿ, ಆರಕ್ಕೆ ಜೀಪು ಹತ್ತಿದೆ. ಮಿಕ್ಸರ್ ಕೆಟ್ಟೇ ಕೆಟ್ಟಿತು. ಅವನು ಗಾಬರಿಯಲ್ಲಿ ಬಟ್ಟೆಯ ತನಕ ಹೋಗಲೇ ಇಲ್ಲ. ಕೆಳಗೆ ತೊಲೆ ಇದೆಯಲ್ಲ, ಹೊತ್ತುಕೊಳ್ಳುತ್ತದೆ ಎಂದುಕೊಂಡು ಸರಿಯಾಗಿ ತೊಲೆಯ ಅಂಚಿಗೇ ನಿಲ್ಲಿಸಿಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಬಟ್ಟೆಯ ಚೂರು ಬರಿಯ ಕಂಬಿಯ ಮೇಲೆ ಗಾಳಿಗೆ ಆಡುತ್ತಿತ್ತು.

ಹಲಗೆ ಬಿಚ್ಚಿದಾಗ ಅಡಿಯಲ್ಲಿ ಗೆರೆ ಎದ್ದು ಕಂಡಿತು. ಹೆಡ್ ಆಫೀಸಿನಿಂದ ಹಿರಿಯ ಎಂಜಿನಿಯರ್ ಬಂದು ಅದರ ಕೆಳಗೆ ಕತ್ತೆತ್ತಿ ಬಹಳ ಹೊತ್ತು ನಿಂತರು. ಯಾರು ನೋಡಿಕೊಂಡಿದ್ದು ಎಂದರು. ನಾನು ಬಾಯಿ ತೆರೆಯುವ ಮುಂಚೆ ಮ್ಯಾನೇಜರ್ ಅಡ್ಡ ಬಂದರು.

"ಮೇಡಂ ಇರಲಿಲ್ಲ ಸಾರ್. ಅವರು ಆರಕ್ಕೆ ಹೋಗ್ತಾರೆ."

"ಹೌದಾ, ಸರಿ. ನಿಮಗೆ ಸಂಬಂಧ ಇಲ್ಲ ಬಿಡಮ್ಮ," ಎಂದು ಅವರು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಹುಡುಗನ ಕಡೆ ತಿರುಗಿದರು.

ಅವನಿಗೆ ಬಿದ್ದ ಬೈಗುಳ ಸಾಮಾನ್ಯದ್ದಲ್ಲ. ಓದಿದ ಕಾಲೇಜಿನಿಂದ ಹಿಡಿದು ಕಣ್ಣಿನ ಗುಡ್ಡೆಯ ತನಕ ಒಂದನ್ನೂ ಬಿಡಲಿಲ್ಲ. ಬೈಯುತ್ತ ಬೈಯುತ್ತ ಅವರು ನೆಲದ ಮೇಲೆ ಇಟ್ಟಿಗೆ ಚೂರಿನಿಂದ ತೊಲೆ ಬರೆದು, ಭಾರ ಎಲ್ಲಿ ಹೇಗೆ ಹರಿಯುತ್ತದೆ, ಯಾಕೆ ಅಂಚಿನಲ್ಲಿ ನಿಲ್ಲಿಸಬಾರದು ಎಂದು ತೋರಿಸಿದರು. ಹುಡುಗ ತಲೆ ತಗ್ಗಿಸಿ ಕೂತು ನೋಡಿದ. ನಾನು ನೆರಳಿನಲ್ಲಿ ನಿಂತಿದ್ದೆ, ಯಾರೋ ಕುರ್ಚಿ ತಂದು ಹಾಕಿದ್ದರು. ಆ ಬೈಗುಳ ನನಗೆ ಬೀಳಬೇಕಿತ್ತು ಎಂದು ಆಸೆಯಾಯಿತು.

ಸಂಜೆ ಅವನು ಟೀ ಕುಡಿಯುತ್ತ, "ಒಳ್ಳೆ ಬೈಸ್ಕಂಡೆ ಕಣೇ" ಎಂದ. ಮುಖದಲ್ಲಿ ಹಬ್ಬ ಮುಗಿಸಿ ಬಂದವನ ಕಳೆ. ಅದೇ ಕಟ್ಟಡದ ಮೇಲಂತಸ್ತಿನ ಮೋಲ್ಡಿಗೆ ಕೆಂಪು ಬಟ್ಟೆಯನ್ನು ಅವನೇ ಕಟ್ಟಿದ, ಸರಿಯಾದ ಜಾಗದಲ್ಲೇ. ಮ್ಯಾನೇಜರ್ ಏನೇ ಕೇಳುವುದಿದ್ದರೂ ಅವನನ್ನು ಕರೆಯತೊಡಗಿದರು. ನನಗೆ ಬೇರೆ ಉಪಕಾರವಾಯಿತು.

"ಬಿಸಿಲಲ್ಲಿ ಯಾಕೆ ಒದ್ದಾಡ್ತೀರಿ ಮೇಡಂ? ಅಳತೆ, ಬಿಲ್ಲು ನೋಡ್ಕೊಳ್ಳಿ. ಆಫೀಸಲ್ಲಿ ಫ್ಯಾನ್ ಇದೆ."

ಫ್ಯಾನ್ ಇತ್ತು. ಅದರ ಗಾಳಿಗೆ ಕಾಗದಗಳು ಏಳದಂತೆ ನಾನು ಅವುಗಳ ಮೇಲೆ ಕಲ್ಲು ಇಡುತ್ತಿದ್ದೆ. ಕಿಟಕಿಯಿಂದ ಕಟ್ಟಡ ಕಾಣುತ್ತಿತ್ತು, ದಿನ ದಿನಕ್ಕೆ ಸ್ವಲ್ಪ ದೂರ ಸರಿದ ಹಾಗೆ. ಕಟ್ಟಡ ಎಲ್ಲಿಗೆ ಸರಿದೀತು. ಸರಿಯುತ್ತಿದ್ದವಳು ನಾನು.

ಆ ದಿನಗಳಲ್ಲೇ ನನಗೆ ಮುಗಿಯುವ ತಾರಸಿಯ ಕನಸು ಬೀಳತೊಡಗಿದ್ದು. ಒಮ್ಮೊಮ್ಮೆ ಅದಕ್ಕೆ ಅಂಚೇ ಇರುತ್ತಿರಲಿಲ್ಲ; ಗಾರೆಯವನು ಸವರುತ್ತ ಸವರುತ್ತ ಸೂಳಗಿರಿ ಗುಡ್ಡದ ತನಕ ಹಿಂದೆ ಸರಿಯುತ್ತಿದ್ದ. ಎಚ್ಚರವಾದ ಮೇಲೆ ಒಂದೇ ಯೋಚನೆ. ಶುರು ಮಾಡಿದ ಒಂದು ಮೋಲ್ಡನ್ನು ನಾನೇ ನಿಂತು ಮುಗಿಸಬೇಕು, ಕೆಟ್ಟರೆ ನನ್ನ ಕೈಯಲ್ಲಿ ಕೆಡಬೇಕು. ಅದೂ ಆಗದಿದ್ದರೆ ನಾನು ಎಂಜಿನಿಯರ್ ಆಗುವುದೇ ಇಲ್ಲ, ಜೀಪಿನಲ್ಲಿ ಬಂದು ಹೋಗುವ ಮೇಡಂ ಆಗಿಯೇ ಮುದುಕಿಯಾಗುತ್ತೇನೆ.

ಮೂರನೆಯ ಕಟ್ಟಡದ ಮೋಲ್ಡಿಗೆ ಮುಂಚೆ ಮ್ಯಾನೇಜರ್ ಬಳಿ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ನನಗೂ ಹೆಣ್ಣುಮಕ್ಕಳಿದ್ದಾರೆ ಮೇಡಂ. ನಾಳೆ ಏನಾದ್ರೂ ಆದ್ರೆ ನಿಮ್ಮ ತಂದೆಯವರಿಗೆ ಏನಂತ ಹೇಳ್ಲಿ? ಮನೆಯಿಂದ ಯಾರಾದ್ರೂ ಬಂದು ಜೊತೆಗಿದ್ರೆ ನನಗೇನೂ ಅಭ್ಯಂತರ ಇಲ್ಲ."

ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಆ ವಾರ ಟೊಮೇಟೊ ಕೀಳುವ ಕೆಲಸ, ಮಂಡಿಗೆ ಲೋಡು ಹಾಕಿಕೊಂಡು ಹೋಗಬೇಕು. ಒಲೆಯ ಮುಂದಿದ್ದ ಅಮ್ಮ ತಿರುಗಿಯೂ ನೋಡದೆ, "ನಾನೇ ಬತ್ತೀನಿ ಬುಡು," ಎಂದಳು.

ಅಮ್ಮ ಅದುವರೆಗೂ ಮೋಲ್ಡ್ ಹಾಕುವುದನ್ನು ಕಂಡಿದ್ದಳೇ? ನಮ್ಮ ಮನೆ ಹೆಂಚಿನದು. ಮದುವೆಗೆ ಉಡುವ ಸೀರೆ ಉಟ್ಟು, ಮುದ್ದೆ ಸಾರಿನ ಕ್ಯಾರಿಯರ್ ಹಿಡಿದು ಬಸ್ಸಿಳಿದಳು. ಮಿಕ್ಸರಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಪೂಜೆಗೆ ಅಣಿ ಮಾಡಿದ್ದರು. ಮೊದಲ ಬಾಂಡ್ಲಿಯನ್ನು ಮುತ್ತೈದೆಯ ಕೈಯಲ್ಲಿ ಹಾಕಿಸುವುದು ಅಲ್ಲಿನ ರೂಢಿ, ಸಾಮಾನ್ಯವಾಗಿ ಸಾಲಿನ ಹೆಂಗಸರಲ್ಲೇ ಒಬ್ಬಳು ಹಾಕುತ್ತಿದ್ದಳು. ಮ್ಯಾನೇಜರ್ ಅಮ್ಮನನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕೈ ಮುಗಿದು, "ನೀವೇ ಬಂದಿದ್ದೀರಲ್ಲ ತಾಯಿ, ನಿಮ್ಮ ಕೈಯಿಂದಲೇ ಆಗಲಿ," ಎಂದರು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಂಡ್ಲಿ ಎತ್ತಿ, ನೈಋತ್ಯದ ಮೂಲೆಯಲ್ಲಿ, ನಾನು ತೋರಿಸಿದ ಕಡೆ ಸುರಿದಳು. ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಕೊಟ್ಟರು. ಟಾರ್ಪಾಲಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಗಂಟೆಗೊಮ್ಮೆ ಟೀ ಬಂತು. ಆ ದಿನ ಕಕ್ಕಸಿನ ಬೀಗವೂ ತೆಗೆದೇ ಇತ್ತು, ವಾಚ್‌ಮ್ಯಾನ್ ತಾನೇ ಬಂದು ಹೇಳಿ ಹೋದ.

ಅಮ್ಮ ಕುರ್ಚಿಯಲ್ಲಿ ಬಹಳ ಹೊತ್ತು ಕೂರಲಿಲ್ಲ. ಜೋಲಿಯ ಕೂಸು ಅತ್ತರೆ ತೂಗಿದಳು. ಮಧ್ಯಾಹ್ನ ನಾನು ಕೆಳಗಿಳಿದಾಗ ಅವಳೂ ತಳಿಯ ಹೆಂಗಸೂ ಮಾತಿಗೆ ಬಿದ್ದಿದ್ದರು.

"ನಿನ್ ಮಗ್ಳು ಕಂಬಿ ನೋಡಿ ನೋಡಿ ಕಣ್ಣು ಹೆಂಗಾಗ್ಬುಟ್ಟವೆ ನೋಡವ್ವ. ಬಿರ್ರನೆ ಒಂದ್ ಮದ್ವೆ ಮಾಡ್ಬುಡು."

"ಮೋಲ್ಡ್ ಮುಗೀಲಿ ತಡಿ. ಆಮ್ಯಾಕೆ ನೋಡಾನ."

"ಈ ಮೋಲ್ಡ್ ಮುಗುದ್ರೆ ಇನ್ನೊಂದ್ ಇರ್ತದೆ ಕಣಕ್ಕ."

"ಇರ್ಲಿ ಬುಡು, ಗಂಡೂ ಇರ್ತವೆ."

ನಾನು ಮತ್ತೆ ಮೇಲೆ ಹತ್ತಿದೆ. ಹುಡುಗ ಕೆಳಗೆ ಮಿಕ್ಸರ್ ನೋಡಿಕೊಂಡ, ಮೇಲಿನದು ನನ್ನದು. ಒದ್ದೆ ಕಾಂಕ್ರೀಟು ಕಂಬಿಗಳನ್ನು ನುಂಗುತ್ತ ಮೆಲ್ಲಗೆ ಪೂರ್ವಕ್ಕೆ ಸಾಗಿತು. ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ಗುಂಯ್ ಸದ್ದು ಅಂಗಾಲಿನಿಂದ ಹತ್ತಿ ಹಲ್ಲಿನ ತನಕ ಬಂತು. ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ಹೇಳಲಾರೆ. ನೆನಪಿನಲ್ಲಿ ಅದು ವರ್ಷಗಟ್ಟಲೆ ಹರಿಯುತ್ತದೆ, ಬಿಸಿಲು ಇಳಿಯುವುದೇ ಇಲ್ಲ.

ಇಳಿಯಿತು. ಪೂರ್ವದ ಕಡೆ ಇನ್ನೂ ಒಂದು ಕೋಣೆಯಷ್ಟು ಕಂಬಿ ಬರಿದಾಗಿತ್ತು. ಕೆಳಗೆ ಜೀಪು ಬಂದು ನಿಂತದ್ದು ಕಾಣಿಸಿತು. ನಾನು ಕಾಣದವಳಂತೆ ಬೆನ್ನು ತಿರುಗಿಸಿದೆ. ಹುಡುಗ ಏಣಿ ಹತ್ತಿ ಬಂದು, ಮುಖ ನೋಡದೆ, "ಸಾರ್ ಕರೀತಾವ್ರೆ," ಎಂದ.

ಮ್ಯಾನೇಜರ್ ಅಮ್ಮನ ಕುರ್ಚಿಯ ಮುಂದೆ ಕೈ ಕಟ್ಟಿ ನಿಂತಿದ್ದರು.

"ಕತ್ತಲಾಗ್ತಾ ಬಂತು ತಾಯಿ. ಮೊದಲು ಒಬ್ಬರ ಜವಾಬ್ದಾರಿ ಇತ್ತು, ಈಗ ಇಬ್ಬರು ಹೆಣ್ಣುಮಕ್ಕಳದಾಯ್ತು ನನಗೆ."

"ಮನೆಯವರು ಬಂದರೆ ಇರಬಹುದು ಅಂದಿದ್ರಿ ಸಾರ್," ಎಂದೆ.

"ತಂದೆಯವರು ಬರ್ತಾರೆ ಅಂದ್ಕೊಂಡೆ ಮೇಡಂ."

ಅಮ್ಮ ಕೂತೇ ಇದ್ದಳು. "ಇನ್ನೂ ಮುಗ್ದಿಲ್ವಲ್ಲ ಸೋಮಿ."

"ಮುಗಿಸ್ತೀವಿ ತಾಯಿ. ನಿಮ್ಮ ಕೈಯಿಂದ ಶುರುವಾಗಿದೆ, ಚೆನ್ನಾಗೇ ಮುಗಿಯುತ್ತೆ. ನೀವು ನನಗೆ ಅಕ್ಕ ಇದ್ದ ಹಾಗೆ. ಅಕ್ಕನ್ನ ಈ ಧೂಳಲ್ಲಿ ಕೂರಿಸ್ಕೊಂಡು ನಾನು ಹ್ಯಾಗೆ ಊಟ ಮಾಡ್ಲಿ ಹೇಳಿ?"

ಅಮ್ಮ ಎದ್ದಳು. ಏಳುವ ಮುಂಚೆ ನನ್ನ ಮುಖ ನೋಡಿದಳೇ ಇಲ್ಲವೇ ಎಂಬುದು ಪ್ರತಿ ಸಲ ಬೇರೆ ಬೇರೆಯಾಗಿ ನೆನಪಾಗುತ್ತದೆ. ಒಂದರಲ್ಲಿ ನೋಡುತ್ತಾಳೆ, ನಾನು ಬೇಡ ಎಂದು ತಲೆಯಾಡಿಸುತ್ತೇನೆ. ಇನ್ನೊಂದರಲ್ಲಿ ಸೀರೆಯ ಮೇಲಿನ ಧೂಳು ಕೊಡವುತ್ತಿದ್ದಾಳೆ, ಅಷ್ಟೆ. ಎರಡನ್ನೂ ಬರೆದಿಡುವುದೇ ಮೇಲು. ನಾನು ಇಲ್ಲ ಎಂದು ಗಟ್ಟಿಯಾಗಿ ಹೇಳಲಿಲ್ಲ ಎನ್ನುವುದು ಮಾತ್ರ ಎರಡರಲ್ಲೂ ಒಂದೇ. ಅಕ್ಕ ಎಂದವರಿಗೆ, ಊಟದ ಮಾತೆತ್ತಿದವರಿಗೆ ಎದುರಾಡುವುದು ಹೇಗೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜೀಪು ಉದ್ದನಪಲ್ಲಿ ರಸ್ತೆಗೆ ತಿರುಗಿದ ಮೇಲೆ ಅಮ್ಮ ಮಡಿಲಿನ ರವಿಕೆ ಕಣವನ್ನು ಮಡಚುತ್ತ, ಬಿಚ್ಚುತ್ತ ಹೇಳಿದಳು.

"ಮರ್ವಾದಸ್ತ್ರು ಕಣಮ್ಮಿ ಅವ್ರು. ಬೈದಿದ್ರೆ ನಾನು ಅಲ್ಲೇ ಕೂತ್ಕತಿದ್ದೆ."

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸೈಟಿಗೆ ಬಂದು ಮೇಲೆ ಹತ್ತಿದೆ. ಮಣ್ಣಿನ ಪುಟ್ಟ ಬದುಗಳನ್ನು ಕಟ್ಟಿ ತಾರಸಿಯ ತುಂಬ ನೀರು ನಿಲ್ಲಿಸಿದ್ದರು, ಕಾಂಕ್ರೀಟು ಒಡೆಯದಿರಲಿ ಎಂದು. ಗದ್ದೆಯ ಮಡಿಗಳ ಹಾಗೆ ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ. ಮೋಡ ಒಂದು ಮಡಿಯಿಂದ ಇನ್ನೊಂದಕ್ಕೆ ಬದು ದಾಟಿ ಹೋಗುತ್ತಿತ್ತು. ಚಪ್ಪಲಿ ಬಿಟ್ಟು ಬದುಗಳ ಮೇಲೆ ನಡೆದೆ. ಅಮ್ಮ ಮೊದಲ ಬಾಂಡ್ಲಿ ಸುರಿದ ಮೂಲೆಯಿಂದ ಪೂರ್ವದ ತನಕ ನಡೆದೆ. ನಾನು ಬಿಟ್ಟು ಹೋದದ್ದು ಎಲ್ಲಿ, ಆಮೇಲೆ ಹಾಕಿದ್ದು ಎಲ್ಲಿಂದ, ಕೊನೆಯಾದದ್ದು ಯಾವ ಜಾಗದಲ್ಲಿ ಎಂದು ನೀರಿನೊಳಗೆ ಕೈಯಾಡಿಸಿ ಹುಡುಕಿದೆ. ಗೆರೆ ಇರಲಿಲ್ಲ. ಎಲ್ಲ ಒಂದೇ ಸಮ, ನುಣುಪು. ಒಳ್ಳೆಯ ಕೆಲಸ. ನಾನು ಇದ್ದ ಭಾಗಕ್ಕೂ ಇಲ್ಲದ ಭಾಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಹುಡುಗ ಕೆಳಗಿನಿಂದ ಕೂಗಿದ. "ಹೆಂಗ್ ಬಂದೈತೆ?"

"ಚೆನ್ನಾಗಿದೆ."

"ನಿಮ್ಮಮ್ಮನ್ ಕೈಗುಣ. ರಾತ್ರಿ ಏನಾಯ್ತು ಗೊತ್ತಾ, ಕೊನೇಗೆ..."

"ಹೇಳ್ಬೇಡ," ಎಂದೆ.

ಇಳಿದು ಬಂದು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಕೆಲಸ ಬಿಡುತ್ತೇನೆ ಎಂದೆ. ಅವರು ನಿಜಕ್ಕೂ ನೊಂದರು. ಎದ್ದು ನಿಂತರು.

"ಯಾಕೆ ಮೇಡಂ? ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಸಾರ್."

"ನಾವು ನಿಮ್ಮನ್ನ ಚೆನ್ನಾಗೇ ನೋಡ್ಕೊಂಡ್ವಲ್ಲ?"

"ತುಂಬಾ ಚೆನ್ನಾಗಿ ನೋಡ್ಕೊಂಡ್ರಿ ಸಾರ್."

ಅದೇ ಕಾರಣ ಎಂದು ಹೇಳುವುದು ಹೇಗೆ? ನಾನು ಮಾತು ಹುಡುಕುತ್ತಿದ್ದೆ. ಅವರೂ ನನ್ನ ಪರವಾಗಿ ಹುಡುಕಿದರು. ಸಿಕ್ಕಿತು, ಮುಖ ಅರಳಿತು.

"ಮದುವೆನಾ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಅವರು ಮತ್ತೆ ನೋಯುತ್ತಿದ್ದರು, ನಾನು ಮತ್ತೆ ಹುಡುಕಬೇಕಿತ್ತು. "ಹೂಂ ಸಾರ್," ಎಂದೆ.

"ಮೊದಲೇ ಹೇಳಬಾರದಾ. ಅದಕ್ಕೇ ತಾಯಿಯವರು ಬಂದಿದ್ದು ಅನ್ನಿ." ಅವರ ಮನಸ್ಸಿನಲ್ಲಿ ಎಲ್ಲವೂ ತನ್ನ ತನ್ನ ಜಾಗಕ್ಕೆ ಹೋಗಿ ಕೂತಿತು. ಹೊರಗೆ ಬಂದು ಎಲ್ಲರಿಗೂ ಹೇಳಿದರು. ತಳಿಯ ಹೆಂಗಸು ನನ್ನ ಗಲ್ಲ ಹಿಂಡಿ, "ನಾನ್ ಹೇಳಿದ್ ಗಳಿಗೆ ಚೆನ್ನಾಗಿತ್ತು ನೋಡು," ಎಂದಳು. ಹುಡುಗ ಮಾತ್ರ ಅನುಮಾನದಿಂದ ನೋಡಿದ. ಕೊನೆಯ ದಿನ ಸೈಟಿನವರೆಲ್ಲ ಸೇರಿ ಒಂದು ಸ್ಟೀಲ್ ಬಿಂದಿಗೆ ಕೊಟ್ಟರು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ತಮಿಳಿನಲ್ಲಿ ಮದುವೆಯ ಶುಭಾಶಯ, ಪಕ್ಕದಲ್ಲಿ ಇಸವಿ ಕೊರೆಸಿದ್ದರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು.

"ಯಾರ್ದು ಮದ್ವೆ?"

"ನಂದಂತೆ."

"ಗಂಡು?"

"ಇನ್ನೂ ಇಲ್ಲ."

ಅಮ್ಮ ಬಿಂದಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು.

ಮದುವೆಯಾದದ್ದು ಅದಾಗಿ ಮೂರು ವರ್ಷಕ್ಕೆ. ಅಷ್ಟು ದಿನ ಹೊಸೂರಿನ ಒಂದು ಟ್ಯೂಷನ್ನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಬಿಂದಿಗೆ ನನ್ನ ಜೊತೆ ಗಂಡನ ಮನೆಗೆ ಬಂತು. ಅಲ್ಲಿಂದ ಮುಂದೆ ನೆನಪು ತಾನೇ ಸರಿಹೋಗತೊಡಗಿತು. ಅತ್ತೆಮನೆಯಲ್ಲಿ, ಮದುವೆಗೆಂದು ಕೆಲಸ ಬಿಟ್ಟಳು, ಆಫೀಸಿನವರು ಬಿಂದಿಗೆ ಕೊಟ್ಟರು ಎಂದರು. ನಾನು ತಿದ್ದಲಿಲ್ಲ. ಕೆಲವು ವರ್ಷಗಳಾದ ಮೇಲೆ ನನಗೇ ಹಾಗೆ ಹೇಳುವುದು ರೂಢಿಯಾಯಿತು. ನಡುವಿನ ಮೂರು ವರ್ಷಗಳು ಎಲ್ಲಿ ಹೋದವೋ, ಮೇಲೆ ಯಾರೋ ಹಲಗೆಯಿಂದ ಸವರಿದ ಹಾಗೆ. ಆ ನುಣುಪು ನನಗೆ ಹಿತವಾಗಿಯೇ ಇತ್ತು ಎನ್ನುವುದು ಈಗ ಹೆದರಿಕೆ ಹುಟ್ಟಿಸುತ್ತದೆ.

ನನ್ನ ಗಂಡ ಕೋಲಾರದ ಕಡೆಯವರು, ತಮಿಳು ಅಕ್ಷರ ಬಾರದು. ಒಂದು ಭಾನುವಾರ ಹುಣಸೆಹಣ್ಣು ಹಾಕಿ ಬಿಂದಿಗೆ ಬೆಳಗುತ್ತ ಕೂತಿದ್ದರು. ಅಕ್ಷರಗಳನ್ನು ದಾಟಿ ಬೆರಳು ಅಂಕಿಯ ಮೇಲೆ ನಿಂತಿತು.

"ಇಸ್ವಿ ತಪ್ಪು ಕೊರ್ದವ್ನೆ ನೋಡು. ನಮ್ ಮದ್ವೆ ಆವಾಗೆಲ್ಲಿ ಆಗಿತ್ತು?"

ನಾನು ಅವರ ಕೈಯಿಂದ ಬಿಂದಿಗೆ ತೆಗೆದುಕೊಂಡು ನೀರಿನಲ್ಲಿ ತೊಳೆದೆ. ಕೊರೆದವನದು ತಪ್ಪಿಲ್ಲ, ಇಸವಿ ಸರಿಯಾಗಿಯೇ ಇದೆ ಎಂದೆ. ಅವರು ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದರು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಮೋಲ್ಡ್ ಹಾಕುವುದನ್ನು ಎಂದಾದರೂ ಕೊನೆಯ ತನಕ ನಿಂತು ನೋಡಿದ್ದೀರಾ ಎಂದು ಕೇಳಿದೆ.